ಅಜ್ಜಿಯ ಒಂಬತ್ತು ಹೆಜ್ಜೆ

ಹೋದ ವಾರ ವಿಜಯನಗರದ ನಮ್ಮ ತವರುಮನೆಯಲ್ಲಿ ಟೈಲ್ಸ್ ಹಾಕುವವರು ಹಸಿ ಸಿಮೆಂಟಿನ ಮೇಲೆ ಒಂದು ಬಕೆಟ್ ನೀರು ಚೆಲ್ಲಿದರು ನೋಡಿ, ಆ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಅರವತ್ತರ ಹೆಂಗಸು ನಾನು, ಕಾಫಿ ಲೋಟವನ್ನು ಅಲ್ಲೇ ಕಿಟಕಿಯಲ್ಲಿಟ್ಟು, "ಕೊಡಿ ಇಲ್ಲಿ, ನಾನು ಹಾಕ್ತೀನಿ" ಎಂದು ಬಕೆಟ್ಟಿಗೆ ಕೈ ಹಾಕಿಬಿಟ್ಟೆ! ಅವರು ನಕ್ಕರು. ನಗಲಿ ಬಿಡಿ. ಈ ಮನೆಯ ಗೋಡೆಗಳಿಗೆ ಒಂದೊಂದಾಗಿ ನೀರು ಕುಡಿಸಿದವಳು ನಾನು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಾಗೆ ಕುಡಿಸುವುದನ್ನು ಕಲಿಸಿದವರು ಮೇಸ್ತ್ರಿ. ಈ ಮನೆ ಕಟ್ಟಿದ ಮೇಸ್ತ್ರಿ...

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾವು ಮಾಗಡಿ ರಸ್ತೆಯ ಪಕ್ಕದ ಒಂದು ವಠಾರದಲ್ಲಿದ್ದೆವು. ಅಪ್ಪ, ಅಮ್ಮ, ಅಜ್ಜಿ, ನಾನು, ನಡೆಯಲು ಕಲಿಯುತ್ತಿದ್ದ ತಮ್ಮ. ಅಪ್ಪನಿಗೆ ವಿಜಯನಗರದಲ್ಲಿ ಸೈಟು ಸಿಕ್ಕಿದ ದಿನ ನಾನು ವಠಾರದ ಎಂಟೂ ಮನೆಗಳಿಗೆ ಓಡಿ ಓಡಿ ಹೇಳಿ ಬಂದಿದ್ದೆ. ಪಾಯ ತೋಡಿದ ಮೇಲಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ಕೂಲು ಬಿಟ್ಟ ಕೂಡಲೇ ಅಮ್ಮನ ಜತೆ ಅಲ್ಲಿಗೆ ಹೋಗುವುದು, ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ಮೊಗೆದು ಗೋಡೆಗೆ ಹಾಕುವುದು. ಸುತ್ತಮುತ್ತ ಇನ್ನೂ ಖಾಲಿ ಸೈಟುಗಳು, ಅಲ್ಲಲ್ಲಿ ಲಂಟಾನ ಪೊದೆ, ದೂರದಲ್ಲೊಂದು ದೀಪದ ಕಂಬ. ನನಗೆ ಅದೇ ಅರಮನೆ.

ಮೇಸ್ತ್ರಿ ಸಣಕಲು ಆಳು. ಎಡಗೈಯಲ್ಲಿ ಕರಣೆ ಹಿಡಿಯುತ್ತಿದ್ದರು. ತಮಿಳಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದರು, ಮಾತೂ ಕಡಿಮೆ. ನನ್ನನ್ನು "ಪಾಪ" ಎನ್ನುತ್ತಿದ್ದರು. "ಮೇಲಿಂದ ಹಾಕು ಪಾಪ, ಗೋಡೆ ನಿಧಾನವಾಗಿ ಕುಡೀಲಿ" ಎಂದು ಹೇಳಿಕೊಟ್ಟು, ಒಣಗಿದ ಜಾಗ ಎಲ್ಲಾದರೂ ಉಳಿದಿದ್ದರೆ ಬೆರಳಿನಿಂದ ತೋರಿಸುತ್ತಿದ್ದರು. ಅಪ್ಪ ಬೈದರೂ ನಗು, ಹೊಗಳಿದರೂ ಅದೇ ನಗು. ನಾನು ಅವರ ಹಿಂದೆಯೇ ಅಂಟಿಕೊಂಡು ತಿರುಗುತ್ತಿದ್ದೆ.

ಒಂದು ಸಂಜೆ ಅವರು ಕೇಳಿದರು, "ನಿಮ್ಮ ಅಜ್ಜಿ ಯಾಕೆ ಒಂದ್ಸಲಾನೂ ಮನೆ ನೋಡೋಕೆ ಬಂದಿಲ್ಲ?" ನಾನು ಇದ್ದದ್ದನ್ನು ಹೇಳಿದೆ. ಅಜ್ಜಿಗೆ ಕಣ್ಣಿಲ್ಲ. ನಾನು ಹುಟ್ಟುವ ಮೊದಲೇ ಹೋಗಿತ್ತು. ಆದರೆ ವಠಾರದ ಮನೆಯಲ್ಲಿ ಅವಳನ್ನು ಕುರುಡಿ ಎಂದರೆ ಯಾರೂ ನಂಬುತ್ತಿರಲಿಲ್ಲ. ಮಂಚದಿಂದ ಅಡುಗೆಮನೆ ಬಾಗಿಲಿಗೆ ಒಂಬತ್ತು ಹೆಜ್ಜೆ, ಅಲ್ಲಿಂದ ಬಚ್ಚಲಿಗೆ ಆರು. ಮಜ್ಜಿಗೆ ಕಡೆಯುತ್ತಿದ್ದಳು, ಹುಳಿಗೆ ಉಪ್ಪು ಹಾಕುತ್ತಿದ್ದಳು, ಅಮ್ಮ ಪಾತ್ರೆ ಆಚೀಚೆ ಇಟ್ಟರೆ ಮನೆ ಹಾರಿ ಹೋಗುವಂತೆ ಕೂಗುತ್ತಿದ್ದಳು. ಆ ಅಜ್ಜಿ ಹೊಸ ಮನೆಯ ಹೆಸರೆತ್ತಿದರೆ ಮಾತ್ರ ಸುಮ್ಮನಾಗಿಬಿಡುತ್ತಿದ್ದಳು. ಅವಳಿಗೆ ಭಯ ಎಂದು ನನಗೆ ಗೊತ್ತಿತ್ತು. ಅವಳ ಮಗ್ಗುಲಲ್ಲೇ ಮಲಗುವವಳಲ್ಲವೇ ನಾನು?

ಮೇಸ್ತ್ರಿ ತಲೆಯಾಡಿಸಿ ಕರಣೆ ತೊಳೆದಿಟ್ಟರು. ಭಾನುವಾರ ಬೆಳಿಗ್ಗೆ, ಅವರ ರಜದ ದಿನ, ಒಗೆದ ಬಿಳಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ದಾರದ ಉಂಡೆ ಇಟ್ಟುಕೊಂಡು ವಠಾರದ ಬಾಗಿಲಲ್ಲಿ ನಿಂತಿದ್ದರು! "ಅಜ್ಜಿ, ಸ್ವಲ್ಪ ನಡೆದು ತೋರಿಸ್ತೀರಾ?" ಎಂದರು.

"ಏನಪ್ಪಾ ಇದು, ಸಂತೇಲಿ ಹಸು ಕೊಳ್ಳೋರ ಥರ ನಡೆಸಿ ನೋಡ್ತೀಯಾ?" ಎಂದು ಅಜ್ಜಿ ಗದರಿದಳು. ಆದರೂ ನಡೆದಳು, ಸ್ವಲ್ಪ ಬಿಂಕದಿಂದಲೇ. ಮೇಸ್ತ್ರಿ ಹೆಜ್ಜೆ ಎಣಿಸಿದರು. ಆಮೇಲೆ ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮಂಚದ ಕಾಲಿನ ಹತ್ತಿರ ಕೂರಿಸಿ, ಇನ್ನೊಂದು ತುದಿಯನ್ನು ಅಡುಗೆಮನೆ ಬಾಗಿಲಿಗೆ ಎಳೆದು ಗಂಟು ಹಾಕಿಕೊಂಡರು. ದಾರ ನಡುವೆ ಒರಳುಕಲ್ಲಿನ ರುಬ್ಬುಗುಂಡಿಗೆ ತಾಗುತ್ತಿತ್ತು. ವಠಾರದ ಮನೆ ಎಂದರೆ ಹಾಗೇ ತಾನೆ, ಜಾಗವಿಲ್ಲದೆ ಒರಳನ್ನು ನಡುಮನೆಯ ನೆಲದಲ್ಲೇ ಹೂತಿದ್ದರು. ನಾನು ಬಹಳ ಜಾಣೆಯಂತೆ ದಾರವನ್ನು ಎತ್ತಿ ಅದರ ಮೇಲಿಂದ ಹಾಯಿಸಿದೆ. ಮೇಸ್ತ್ರಿ "ಭೇಷ್" ಎಂದರು. ಆ ಕಲ್ಲಿನ ಬಗ್ಗೆ ನಾವಿಬ್ಬರೂ ಮತ್ತೆ ಯೋಚಿಸಲೇ ಇಲ್ಲ.

ಆ ದಾರದ ಗಂಟಿಗೆ ಸರಿಯಾಗಿ ಹೊಸ ಮನೆಯ ಅಡುಗೆಮನೆ ಬಾಗಿಲು ಪ್ಲಾನಿನಿಂದ ಆಚೆ ಸರಿಯಿತು. ಬಚ್ಚಲೂ ಸರಿಯಿತು. ಅಪ್ಪ ಮೊದಲು ಗೊಣಗಿದರು, ವಿಷಯ ತಿಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಹಳೇ ಒರಳುಕಲ್ಲಿಗೆ ಹಿತ್ತಲಲ್ಲಿ ಚೆಂದದ ಜಾಗವಾಯಿತು. ಇನ್ನು ಮೇಲೆ ಯಾರೂ ಎಡವಬೇಕಾಗಿಲ್ಲ ಎಂದು ಅಮ್ಮನಿಗೆ ಖುಷಿಯೋ ಖುಷಿ. ಒಳಗೆಲ್ಲ ಕೆಂಪು ಗಾರೆ ನೆಲ. ಅದನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದರು.

ಗೃಹಪ್ರವೇಶದ ಬೆಳಿಗ್ಗೆ ಹಾಲು ಉಕ್ಕಿತು, ನಾವೆಲ್ಲ ಹೋ ಎಂದೆವು. ಅಜ್ಜಿಯನ್ನು ಕರೆತಂದು ಅವಳ ಮಂಚದ ಮೇಲೆ ಕೂರಿಸಿದರು. ನಾನು ಅವಳ ಕಿವಿಯಲ್ಲಿ, "ಅಜ್ಜಿ, ಇಲ್ಲೂ ಒಂಬತ್ತೇ ಹೆಜ್ಜೆ, ಬಾ!" ಎಂದೆ. ಅಪ್ಪ ಕೊಟ್ಟ ಹೊಸ ಪಂಚೆ ಉಟ್ಟು ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಎದ್ದಳು. ಒಂದು, ಎರಡು, ಮೂರು... ನಾನೂ ಬೆರಳು ಮಡಚಿ ಎಣಿಸುತ್ತಿದ್ದೆ. ಎಂಟು, ಒಂಬತ್ತು. ಅವಳ ಹಣೆ ಠಪ್ಪೆಂದು ಗೋಡೆಗೆ ಬಡಿಯಿತು. ಬಾಗಿಲು ಬಲಕ್ಕೆ ಒಂದು ಮೊಳದ ದೂರದಲ್ಲಿತ್ತು.

ಎಲ್ಲರೂ ಓಡಿ ಬಂದರು. ಅಜ್ಜಿ ಹಣೆ ಸವರಿಕೊಂಡು, "ಗೋಡೆ ಗಟ್ಟಿಯಾಗೇ ಕಟ್ಟಿದೀಯ ಕಣಯ್ಯ ಮೇಸ್ತ್ರಿ" ಎಂದಳು. ನೆಂಟರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಆಮೇಲಿನ ದಿನಗಳು ಬಹಳ ಕೆಟ್ಟವು. ನೀರು ಕುಡಿಯಲೂ ಅಜ್ಜಿಗೆ ಯಾರಾದರೂ ಕೈ ಹಿಡಿಯಬೇಕು, ಬಚ್ಚಲಿಗೂ ಹಿಡಿಯಬೇಕು. ಒಬ್ಬಳೇ ಹೊರಟರೆ ಪ್ರತಿ ಸಲವೂ ಅದೇ ಗೋಡೆ. ಕೊನೆಗೆ ಅವಳು ಮಂಚ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ಬೈಗುಳವೂ ನಿಂತಿತು. ಅಮ್ಮ ಹುಳಿಗೆ ಎರಡು ಸಲ ಉಪ್ಪು ಹಾಕಿದರೂ ಅಜ್ಜಿ ಸುಮ್ಮನೆ ಉಂಡಳು. ಹೊಳೆಯುವ ನೆಲ, ಗಾಳಿ, ಬೆಳಕು, ನಮ್ಮದೇ ನಲ್ಲಿ, ಎಲ್ಲ ಇತ್ತು. ಆದರೂ ಯಾರದೋ ಮನೆಗೆ ಊಟಕ್ಕೆ ಬಂದು ಕೂತ ಹಾಗೆ ಇರುತ್ತಿದ್ದೆವು. ಶುಕ್ರವಾರ ಅಜ್ಜಿ ಅಪ್ಪನನ್ನು ಕರೆದು, "ನನ್ನನ್ನ ಕೆಂಗೇರಿಗೆ ಕಳಿಸಿಬಿಡಪ್ಪ. ನಿಮ್ಮನೆ ಹೊಸದು, ಗೋಡೆ ಮೇಲೆಲ್ಲ ನನ್ನ ಕೈ ಗುರುತಾಗುತ್ತೆ" ಎಂದಳು. ಕೆಂಗೇರಿಯಲ್ಲಿ ನನ್ನ ದೊಡ್ಡಪ್ಪನ ಮನೆ. 'ನಿಮ್ಮನೆ' ಎಂಬ ಮಾತು ಅಪ್ಪನಿಗೆ ಎಷ್ಟು ನಾಟಿತೆಂದರೆ ಅವರು ಆ ರಾತ್ರಿ ಊಟ ಬಿಟ್ಟರು. ಭಾನುವಾರ ಬಂದು ಕರೆದುಕೊಂಡು ಹೋಗು ಎಂದು ದೊಡ್ಡಪ್ಪನಿಗೆ ಹೇಳಿ ಕಳಿಸಿದ್ದಾಯಿತು. ನಾನು ಹಿತ್ತಲಿಗೆ ಹೋಗಿ ಒರಳುಕಲ್ಲಿನ ಮೇಲೆ ಕೂತು ಅತ್ತೆ.

ಶನಿವಾರ ಮೇಸ್ತ್ರಿ ಕಾಂಪೌಂಡ್ ಗೋಡೆಯ ಬಾಕಿ ಕೆಲಸಕ್ಕೆ ಬಂದಿದ್ದರು. ಕುಡಿಯಲು ನೀರು ಕೇಳುತ್ತಾ ನಡುಮನೆಯ ಬಾಗಿಲಿಗೆ ಬಂದವರು ಹಾಗೇ ನಿಂತುಬಿಟ್ಟರು. ಅಮ್ಮ ಆಗಷ್ಟೇ ಅಜ್ಜಿಗೆ ಮಂಚದ ಹತ್ತಿರವೇ ಕಾಲು ತೊಳೆಸಿದ್ದಳು. ಯಾರಿಗೂ ಹೇಳದೆ ಅಜ್ಜಿ ಇನ್ನೊಂದು ಸಲ ಪ್ರಯತ್ನಪಟ್ಟು, ಮತ್ತೆ ಅದೇ ಗೋಡೆ ಮುಟ್ಟಿ, ಅದನ್ನೇ ಹಿಡಿದು ನಿಂತಿದ್ದಳು. ಕೆಂಪು ನೆಲದ ಮೇಲೆ ಅವಳ ಒದ್ದೆ ಹೆಜ್ಜೆಗಳು ಒಂದೊಂದೂ ಕಾಣುತ್ತಿದ್ದವು. ಮೂರು ನೇರ. ನಾಲ್ಕನೆಯದು ಎಡಕ್ಕೆ ಹೊರಳಿತ್ತು. ಮತ್ತೆ ಬಲಕ್ಕೆ ತಿರುಗಿಯೇ ಇರಲಿಲ್ಲ.

"ಪಾಪ, ಹಳೇ ಮನೇಲಿ ಇಲ್ಲಿ ಏನಿತ್ತು?" ಮೇಸ್ತ್ರಿ ಪಿಸುಗುಟ್ಟಿದರು.

"ಒರಳುಕಲ್ಲು!" ನಾನು ಕಿರುಚಿದೆ. ಇಷ್ಟು ವರ್ಷ ಅಜ್ಜಿ ಅದರ ಅಂಚನ್ನು ಕಾಲಿನ ಬೆರಳಿನಿಂದ ಸವರಿ, ಸುತ್ತಿ, ಬಾಗಿಲು ಹಿಡಿಯುತ್ತಿದ್ದಳು. ಅವಳಿಗೆ ದಾರಿ ಹೇಳುತ್ತಿದ್ದದ್ದೇ ಆ ಕಲ್ಲು. ನಾವು ಜಾಣರು ದಾರವನ್ನು ಅದರ ಮೇಲೆ ಹಾಯಿಸಿ, ಅದನ್ನೇ ಬಿಟ್ಟು ಮನೆ ಕಟ್ಟಿದ್ದೆವು.

ಮೇಸ್ತ್ರಿ ನೀರು ಕುಡಿಯುವುದನ್ನೂ ಮರೆತು ಚಾಣ ಸುತ್ತಿಗೆ ತಂದರು. ಮುಖ ಕಾಣುವ ಆ ಕೆಂಪು ನೆಲದ ನಟ್ಟನಡುವೆ, ನಾಲ್ಕನೆಯ ಹೆಜ್ಜೆಯ ಪಕ್ಕದಲ್ಲಿ, ಟಣ್ ಎಂದು ಮೊದಲ ಏಟು ಬಿತ್ತು! ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು, ಬೇಡ ಎನ್ನಲಿಲ್ಲ. ಮಂಚಕ್ಕೆ ವಾಪಸಾಗಿದ್ದ ಅಜ್ಜಿ, "ಏನೇ ಅದು ಕುಟ್ಟೋದು?" ಎಂದರೆ, ಮೇಸ್ತ್ರಿ "ಸ್ವಲ್ಪ ರಿಪೇರಿ ಅಜ್ಜಿ" ಎಂದರು. ಹಿತ್ತಲಿನ ಒರಳನ್ನು ಅವರೂ ಇನ್ನೊಬ್ಬ ಆಳೂ ಉರುಳಿಸಿಕೊಂಡು ಬಂದು ಗುಂಡಿಯಲ್ಲಿ ಕೂರಿಸಿದರು. ಸುತ್ತ ಕಲ್ಲಿನ ಚೂರೂ ಗಾರೆಯೂ ತುರುಕಿ ಬಿಗಿ ಮಾಡುತ್ತಿದ್ದಾಗ ಅಪ್ಪ ಆಫೀಸಿನಿಂದ ಬಂದರು. ಶನಿವಾರ ಅರ್ಧ ದಿನ.

ಅಪ್ಪ ಹಾಗೆ ಕೂಗಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮೇಸ್ತ್ರಿ ಎದ್ದು ನಿಂತು ಕೈ ಒರೆಸಿಕೊಂಡರು. "ಐದು ನಿಮಿಷ ಸುಮ್ನೆ ನೋಡಿ ಸಾರ್. ಆಗಲಿಲ್ಲ ಅಂದ್ರೆ ನೆಲ ಪೂರ್ತಿ ನಾನೇ ಹಾಕ್ಕೊಡ್ತೀನಿ" ಎಂದು, ನನ್ನ ಕಡೆ ತಿರುಗಿ ಕಣ್ಣಿನಲ್ಲೇ ಅಜ್ಜಿಯನ್ನು ಕರೆ ಎಂದರು.

"ಅಜ್ಜಿ, ನನಗೆ ಮಜ್ಜಿಗೆ ಬೇಕು" ಎಂದೆ.

ಅಜ್ಜಿ ಒಲ್ಲದ ಮನಸ್ಸಿನಿಂದ ಎದ್ದಳು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಎಡಕ್ಕೆ ಹೊರಳಿದಳು, ಕಾಲಿನ ಬೆರಳು ಕಲ್ಲಿಗೆ ತಾಗಿತು. ನಿಂತಳು. ಬೆರಳಿನಿಂದ ಅಂಚನ್ನು ನಿಧಾನವಾಗಿ ಸವರಿದಳು, ಇನ್ನೊಮ್ಮೆ ಸವರಿದಳು... ಆಮೇಲೆ ಎಣಿಸಲೂ ಇಲ್ಲ. ಸರಸರ ನಡೆದು ಬಾಗಿಲು ದಾಟಿ ಅಡುಗೆಮನೆಯ ಒಳಗೇ ಹೋಗಿಬಿಟ್ಟಳು! ಒಳಗಿನಿಂದ ಡಬ್ಬಿಗಳ ಸದ್ದು ಕೇಳಿಸಿತು, ಹಿಂದೆಯೇ ಅವಳ ಹಳೆಯ ಗಂಟಲು, "ಉಪ್ಪು ಎಲ್ಲಿಟ್ಟಿದೀಯೇ? ಒಲೆಯ ಬಲಕ್ಕಿಡು ಅಂತ ಎಷ್ಟು ಸಲ ಬಡ್ಕೋಬೇಕು ನಿನಗೆ?"

ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆ ಬೆಂಗಳೂರಿನಲ್ಲಿ ಇನ್ನೊಬ್ಬಳಿರಲಾರಳು. ಅಮ್ಮ ಅಳುತ್ತಾ ನಗುತ್ತಾ "ಬಂದೆ ಅತ್ತೆ, ಬಂದೆ" ಎಂದು ಓಡಿದಳು. ನಾನು ಕುಣಿದೆ. ತಮ್ಮ ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದ. ಅಪ್ಪ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. ಮೇಸ್ತ್ರಿ ಮಾತ್ರ, "ಕಲ್ಲಿನ ಸುತ್ತ ಗಾರೆ ಇನ್ನೂ ಹಸಿ ಇದೆ ಸಾರ್, ನಾಳೆ ತನಕ ಯಾರೂ ರುಬ್ಬಬೇಡಿ" ಎಂದು ಚಾಣ ಎತ್ತಿಕೊಂಡು ಕಾಂಪೌಂಡಿಗೆ ಹೋದರು.

ಭಾನುವಾರ ಕೆಂಗೇರಿಯಿಂದ ದೊಡ್ಡಪ್ಪ ಬಂದರು. ಒಳಗೆ ಕಾಲಿಟ್ಟವರೇ ಒರಳಿಗೆ ಎಡವಿ ಅಯ್ಯಯ್ಯೋ ಎಂದರು. ಅಡುಗೆಮನೆಯಿಂದ ಅಜ್ಜಿ, "ನೋಡ್ಕೊಂಡು ನಡೆಯೋ, ಕಣ್ಣು ಕಾಣಲ್ವಾ?" ಎಂದಳು. ದೊಡ್ಡಪ್ಪ ಹೊಟ್ಟೆ ತುಂಬ ಉಂಡು, ಒಬ್ಬರೇ ವಾಪಸು ಹೋದರು.

ಅಜ್ಜಿ ಈ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಇದ್ದಳು. ಅಮ್ಮ ನಡುಮನೆಯಲ್ಲಿ ಕೂತು ದೋಸೆಗೆ ರುಬ್ಬುವಾಗ ನಾವೆಲ್ಲ ಅವಳ ಸುತ್ತ ಸೇರುತ್ತಿದ್ದೆವು. ಹೋಮ್‌ವರ್ಕ್, ಅಪ್ಪನ ಆಫೀಸಿನ ಜಗಳ, ಎಲ್ಲವೂ ಆ ಒರಳಿನ ಪಕ್ಕದಲ್ಲೇ. ನನ್ನನ್ನು ನೋಡಲು ಬಂದ ಹುಡುಗನ ಅಪ್ಪನೂ ಅದಕ್ಕೆ ಎಡವಿದರು, ಆದರೂ ಒಪ್ಪಿಕೊಂಡರು ಪಾಪ. ಅಜ್ಜಿ ಹೋದ ಮೇಲೆ, ಗ್ರೈಂಡರ್ ಬಂದ ಮೇಲೆ, ಗುಂಡು ಹಿತ್ತಲಿಗೆ ಹೋಯಿತು. ಒರಳು ಇದ್ದಲ್ಲೇ ಇತ್ತು. ತೆಗೆಸೋಣ ಎಂದು ಯಾರೂ ಬಾಯಿಬಿಡಲಿಲ್ಲ.

ಮೇಸ್ತ್ರಿ ಒಂದೆರಡು ವರ್ಷ ಯುಗಾದಿಗೆ ಬಂದು ಅಜ್ಜಿಯನ್ನು ಮಾತಾಡಿಸಿ, ಒರಳಿನ ಪಕ್ಕ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಆಮೇಲೆ ಬರಲಿಲ್ಲ. ಮೇಲೊಂದು ರೂಮು ಕಟ್ಟಿಸುವ ಕಾಲಕ್ಕೆ ಅಪ್ಪ ಅವರೇ ಬೇಕೆಂದು ಹುಡುಕಿಕೊಂಡು ಬಾಪೂಜಿನಗರಕ್ಕೆ ಹೋದರು. ಅಲ್ಲೆಲ್ಲೋ ಮನೆ ಎಂದಷ್ಟೇ ಗೊತ್ತು. ಗಲ್ಲಿ ಗಲ್ಲಿ ತಿರುಗಿ ಕೇಳಿದರೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರಂತೆ, "ಯಾವ ಮೇಸ್ತ್ರಿ ಸಾರ್, ಹೆಸರೇನು?" ಅಪ್ಪನಿಗೆ ಗೊತ್ತಿರಲಿಲ್ಲ. ಸಣ್ಣಗಿದ್ದರು, ಎಡಗೈ ಆಳು, ನಗ್ತಾ ಇರ್ತಿದ್ದರು... ಅಷ್ಟು ಹೇಳಿ ಹೇಳಿ ಸಾಕಾಗಿ, ಸಂಜೆ ಬಂದು ಒರಳಿನ ಪಕ್ಕ ಕೂತರು. ನಮ್ಮ ಅಜ್ಜಿಯ ಹೆಜ್ಜೆ ಎಷ್ಟೆಂದು ಮೇಸ್ತ್ರಿಗೆ ಗೊತ್ತಿತ್ತು. ಅವರ ಹೆಸರೇನೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಹೋದ ವಾರ ಒರಳನ್ನು ಕಿತ್ತರು. ಕೀಳಿ ಎಂದವಳು ನಾನೇ. ಅಮ್ಮನಿಗೀಗ ವಾಕರ್ ಬಂದಿದೆ, ಅದರ ಕಾಲು ಕಲ್ಲಿಗೆ ಸಿಕ್ಕಿಕೊಂಡು ಎರಡು ಸಲ ಬೀಳುವುದರಲ್ಲಿದ್ದಳು. ತಮ್ಮ, ಇದನ್ನು ಕಣ್ಣಿಂದ ನೋಡಲಾರೆ ಎಂದು, ಆಫೀಸಿಗೆ ಹೋಗಿಬಿಟ್ಟ. ಕಲ್ಲು ಮೇಲೆ ಬಂದ ಮೇಲೆ ನಾನು ಅದನ್ನು ಮಗುಚಿ ಹಾಕಿಸಿ, ತಳದ ಮಣ್ಣೆಲ್ಲ ತೊಳೆದೆ. ಎಲ್ಲಾದರೂ ಮೇಸ್ತ್ರಿ ಒಂದಕ್ಷರ ಗೀಚಿರಬಹುದೇ ಎಂಬ ಆಸೆ. ಏನೂ ಇರಲಿಲ್ಲ. ಬರೀ ಕಲ್ಲು.

ಅಷ್ಟರಲ್ಲಿ ಅಮ್ಮ ಮಂಚದಿಂದೆದ್ದು ವಾಕರ್ ಹಿಡಿದು ಬಂದಳು. "ಈಗ ಅಲ್ಲಿ ಕಲ್ಲಿಲ್ಲ ಕಣಮ್ಮ, ನೇರ ಬಾ" ಎಂದೆ. "ಗೊತ್ತು ಕಣೇ" ಎಂದಳು. ನಾಲ್ಕನೆಯ ಹೆಜ್ಜೆಗೆ ಎಡಕ್ಕೆ ಹೊರಳಿ, ಸುತ್ತಿ, ಅಡುಗೆಮನೆಗೆ ಹೋದಳು.

ನಾನು ನೆಲದ ಮೇಲೇ ಕೂತೆ. ಟೈಲ್ಸ್ ಹಾಕುವಾತ ಗುಂಡಿಗೆ ಸಿಮೆಂಟ್ ಸುರಿದು ಮಟ್ಟ ಮಾಡುತ್ತಿದ್ದ. "ನಿಮ್ಮ ಹೆಸರೇನಪ್ಪಾ?" ಎಂದು ಕೇಳಿದೆ. ಅವನು ತಲೆ ಎತ್ತದೆ, "ಮೇಸ್ತ್ರಿ ಅಂತಾನೇ ಕರೀರಿ ಮೇಡಂ, ಎಲ್ಲರೂ ಹಂಗೇ ಕರೆಯೋದು" ಎಂದ.

"ಇಲ್ಲ, ಹೇಳಿ" ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಅವನು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದ. ಹೆಸರು ಹೇಳಿದ. ಅವನ ಅಪ್ಪನ ಹೆಸರನ್ನೂ ಕೇಳಿದೆ, ಅದನ್ನೂ ಹೇಳಿದ. ಎರಡನ್ನೂ ನಾನು ಗಟ್ಟಿಯಾಗಿ ಒಮ್ಮೆ ಹೇಳಿಕೊಂಡೆ. ಆಮೇಲೆ ಬಕೆಟ್ ಎತ್ತಿಕೊಂಡು, ಆ ಹಸಿ ಸಿಮೆಂಟು ನಿಧಾನವಾಗಿ ಕುಡಿಯಲೆಂದು, ಮೇಲಿಂದ ನೀರು ಹಾಕಿದೆ.