ಆಕೆಯದಕ್ಕಿಂತ ಒಳ್ಳೆಯ ಕ್ಯಾಲ್ಕುಲೇಟರ್

ಆಳಂದದ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುವಾಗ ನನ್ನ ಪಕ್ಕ ಕೂರುತ್ತಿದ್ದವಳು ನನ್ನ ಕಾಕಾನ ಮಗಳು. ಎರಡೂ ಮನೆಗಳಿಗೆ ಒಂದೇ ಅಂಗಳ. ಅಪ್ಪ, ಕಾಕಾ ಸೇರಿ ಬಟ್ಟೆ ಅಂಗಡಿ ನಡೆಸುತ್ತಿದ್ದುದರಿಂದ ನಮ್ಮಿಬ್ಬರ ಲಂಗಗಳೂ ಒಂದೇ ಥಾನಿನ ಬಟ್ಟೆಯವು. ಆಕೆಗೆ ಇದ್ದು ನನಗೆ ಇಲ್ಲ ಎನ್ನುವ ವಸ್ತು ಅಲ್ಲಿಯವರೆಗೆ ಒಂದೂ ಇರಲಿಲ್ಲ.

ದೀಪಾವಳಿಗೆ ಅದು ಬಂತು. ಗುಲ್ಬರ್ಗಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಆಕೆಯ ಅಣ್ಣ ತನ್ನ ಕ್ಯಾಲ್ಕುಲೇಟರನ್ನು ತಂಗಿಗೆ ಕೊಟ್ಟು ಹೋದ. ರಜೆ ಮುಗಿದ ಮೇಲೆ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಾನಕ ವಿಚಲನೆಯ ಲೆಕ್ಕ. ನಾವೆಲ್ಲ ವರ್ಗ ಮಾಡಿ, ಕೂಡಿಸಿ, ಹೊಡೆದು ಹಾಕಿ ಒದ್ದಾಡುತ್ತಿರುವಾಗ ಆಕೆ ಕಪ್ಪು ಮುಚ್ಚಳ ಸರಿಸಿ, ಟಕಟಕ ಒತ್ತಿ, ಎದ್ದು ನಿಂತು ಉತ್ತರ ಹೇಳಿದಳು. ಅಫಜಲಪುರದ ಕಡೆಯವರಾದ ನಮ್ಮ ಸರ್ ಅದನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಭಾಳ ಛಲೋ ಅದ. ಇಂಥಾದಿದ್ರ ಪರೀಕ್ಷಾದಾಗ ಅರ್ಧಾ ಟೈಮ್ ಉಳಿತದ ನೋಡ್ರಿ" ಎಂದು ಇಡೀ ತರಗತಿಗೆ ಎತ್ತಿ ತೋರಿಸಿದರು. ಅದು ತಿರುಗಿ ಆಕೆಯ ಕೈಗೆ ಬರುತ್ತಲೇ ನಾನು ಕೈ ಚಾಚಿದೆ.

"ಒಂದೀಟು ಕೊಡು ಬೇ, ನೋಡ್ತೀನಿ" ಎಂದೆ.

"ಅಣ್ಣ ಬೈತಾನ. ಯಾರ ಕೈಯಾಗೂ ಕೊಡಬ್ಯಾಡ ಅಂದಾನ."

ನಾನು 'ಯಾರೋ' ಆಗಿಬಿಟ್ಟಿದ್ದೆ. ಮನೆಗೆ ಬರುವಾಗ ಆಕೆಯನ್ನು ಬಿಟ್ಟು ರಸ್ತೆಯ ಇನ್ನೊಂದು ಮಗ್ಗುಲಿಗೆ ನಡೆದೆ. ಸಂಜೆ ಅವ್ವ ಕೊಟ್ಟ ರೊಟ್ಟಿಯನ್ನು ತಟ್ಟೆಯಲ್ಲಿ ಹಾಗೇ ಬಿಟ್ಟೆ. ಅಪ್ಪ ಕಾರಣ ಕೇಳಿದರು. ಹೇಳಿದೆ. ನಕ್ಕಾರು ಅಂದುಕೊಂಡಿದ್ದೆ, ನಗಲಿಲ್ಲ. "ನಡಿ, ಐತವಾರ ಗುಲ್ಬರ್ಗಾಕ್ಕ ಹೋಗೋಣು. ನೀನೇ ಆರಿಸ್ಕೊ" ಎಂದರು.

ಬಸ್ಸು ಕಡಗಂಚಿ ದಾಟುವವರೆಗೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಆಕೆಯದಕ್ಕಿಂತ ಒಳ್ಳೆಯದು ಸಿಗಬೇಕು.

ಗುಲ್ಬರ್ಗಾದಲ್ಲಿ ಅಂಗಡಿಯವರು ಗಾಜಿನ ಕಪಾಟಿನಿಂದ ಒಂದೊಂದನ್ನೇ ತೆಗೆದಿಟ್ಟರು. ಬಟನ್ ಒತ್ತಿದರೆ ಸಂಗೀತ ಬರುವುದೊಂದು. ಅಂಗೈ ಮೀರುವಷ್ಟು ದೊಡ್ಡದೊಂದು. ಅಪ್ಪನಿಗೆ ದೊಡ್ಡದೇ ಹಿಡಿಸಿತು. ಗಜದ ಲೆಕ್ಕವೊಂದನ್ನು ಮೊದಲು ಬಾಯಲ್ಲೇ ಮಾಡಿ, ಆಮೇಲೆ ಅದರಲ್ಲಿ ಒತ್ತಿ, "ಬರೋಬರಿ ಅದ" ಎಂದು ಅದಕ್ಕೆ ಶಹಬ್ಬಾಸ್ ಕೊಟ್ಟರು.

"ಇದ್ರಾಗ ಮಾನಕ ವಿಚಲನೆ ಬರ್ತದೇನ್ರಿ?" ನಾನು ಅಂಗಡಿಯವರನ್ನು ಕೇಳಿದೆ.

"ಅದೇನಂತ ನನಗ ಗೊತ್ತಿಲ್ಲವ್ವಾ. ನೀನೇ ಒತ್ತಿ ನೋಡು."

ಕೊನೆಗೆ ಎರಡು ಉಳಿದವು. ಒಂದು ಕಪ್ಪನೆಯದು, ಥೇಟ್ ಆಕೆಯದರಂಥದೇ, ಬೇಕಾದ ಬಟನ್‌ಗಳೆಲ್ಲ ಇದ್ದವು. ಇನ್ನೊಂದು ಬೆಳ್ಳಿ ಬಣ್ಣದ್ದು, ಪೋಸ್ಟ್ ಕಾರ್ಡಿಗಿಂತ ಚಿಕ್ಕದು, ಸೆಲ್ಲೇ ಇಲ್ಲದೆ ಬೆಳಕಿನಿಂದ ನಡೆಯುವಂಥದು. ಅದರಲ್ಲಿ ವರ್ಗಮೂಲವಿತ್ತು, ಮೆಮೊರಿ ಇತ್ತು, ಮಾನಕ ವಿಚಲನೆಯ ಬಟನ್ ಮಾತ್ರ ಇರಲಿಲ್ಲ. ಕಪ್ಪನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಅದನ್ನು ಒಯ್ದರೆ ಆಕೆಯದರಂಥದನ್ನೇ ತಂದಂತಾಗುತ್ತಿತ್ತು. ಬೆಳ್ಳಿಯದನ್ನು ಒಯ್ದರೆ ಆಳಂದದಲ್ಲಿ ಯಾರ ಬಳಿಯೂ ಇಲ್ಲದ್ದು.

"ಯಾವ್ದು ಪಕ್ಕಾ?" ಅಪ್ಪ ಕೇಳಿದರು.

"ಇದೇ ರೀ ಅಪ್ಪಾ" ಎಂದು ಬೆಳ್ಳಿಯದನ್ನು ಎತ್ತಿಕೊಂಡೆ.

ಮರುದಿನ ಬೆಂಚಿನ ಮೇಲೆ ಆಕೆಗೆ ಕಾಣುವ ಹಾಗೇ ಇಟ್ಟೆ. ಆಕೆ ಬೆರಳಿನಿಂದ ಮುಟ್ಟಿ ನೋಡಿದಳು. "ಚಂದ ಅದ. ದೊಡ್ಡಪ್ಪ ಆರಿಸಿದ್ರೇನು?"

"ಇಲ್ಲ. ನಾನೇ."

ಆಕೆ ತನ್ನ ಕಪ್ಪನೆಯದನ್ನು ಚೀಲದೊಳಗೆ ಸರಿಸಿದಳು. ಅವತ್ತು ತರಗತಿಯಲ್ಲಿ ಉತ್ತರ ಹೇಳಲಿಕ್ಕೂ ಏಳಲಿಲ್ಲ. ನನಗೆ ಹಬ್ಬ ಆದಂತಾಗಿತ್ತು.

ಪರೀಕ್ಷೆಗೆ ಮುಂಚೆ ಆಕೆಯ ಅಣ್ಣ ಊರಿಗೆ ಬಂದ. ತನ್ನ ಪರೀಕ್ಷೆಗೆ ಬೇಕೆಂದು ಕಪ್ಪು ಕ್ಯಾಲ್ಕುಲೇಟರನ್ನು ಚೀಲಕ್ಕೆ ಹಾಕಿಕೊಂಡು ಹೋದ. ಚಿಗವ್ವ ಒಲೆಯ ಮುಂದೆ ಕೂತು ಇದನ್ನು ಅವ್ವನಿಗೆ ಹೇಳುತ್ತಿದ್ದಾಗ ನನಗೆ ಕೇಳಿಸಿತು. ಅಂಗಳದಲ್ಲಿ ಆಕೆ ಪಾಟಿ, ಬಳಪ ಹಿಡಿದು ದೊಡ್ಡ ದೊಡ್ಡ ಅಂಕಿಗಳ ವರ್ಗಮೂಲ ತೆಗೆಯುತ್ತಿದ್ದಳು. ಗೆದ್ದೆ ಅನಿಸಿತು. ಗೆದ್ದ ಮೇಲೆ ಧಾರಾಳವೂ ಬಂತು.

"ನಂದು ತಗೊ, ಅಭ್ಯಾಸ ಮಾಡ್ಕೊ" ಎಂದು ಬೆಳ್ಳಿಯದನ್ನು ಮುಂದೆ ಹಿಡಿದೆ.

"ಬ್ಯಾಡ ಬೇ. ಪರೀಕ್ಷಾದಾಗ ನನ್ನ ಕೈಯಾಗ ಇದು ಇರಂಗಿಲ್ಲ. ರೂಢಿ ತಪ್ತದ" ಎಂದಳು, ತಲೆ ಎತ್ತದೆ. ಆಗಲೇ ಹೊಸ ಹೊಟ್ಟೆಕಿಚ್ಚು ಹುಟ್ಟಿತು. ಆ ಪಾಟಿಯ ಮೇಲೆ ಅಂಕಿಗಳು ಅಷ್ಟು ಸಲೀಸಾಗಿ ಇಳಿಯುತ್ತಿದ್ದವು.

ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು ಕಿಟಕಿಯಿಂದ ದೂರದ ಬೆಂಚು. ನನ್ನ ಕೈಯ ನೆರಳು ಬಿದ್ದರೂ ಸಾಕು, ಕ್ಯಾಲ್ಕುಲೇಟರಿನ ಅಂಕಿಗಳು ಮಾಸಿ ಹೋಗುತ್ತಿದ್ದವು. ಕೂಡಿಸುತ್ತ ಕೂಡಿಸುತ್ತ ಮೆಮೊರಿಯೇ ಅಳಿಸಿ ಹೋಯಿತು. ಮತ್ತೆ ಮೊದಲಿನಿಂದ. ಆಕೆ ಮುಂದಿನ ಸಾಲಿನಲ್ಲಿ ಪುರವಣಿ ಹಾಳೆಗೆ ಕೈ ಎತ್ತುತ್ತಿದ್ದಳು. ಆ ಕೈ ನೋಡಿದಾಗಲೆಲ್ಲ ನನ್ನ ಲೆಕ್ಕ ತಪ್ಪುತ್ತಿತ್ತು.

ಇಬ್ಬರೂ ಪಾಸಾದೆವು. ಸಂಖ್ಯಾಶಾಸ್ತ್ರದಲ್ಲಿ ಆಕೆ ಕಾಲೇಜಿಗೇ ಮೊದಲು. ಅಪ್ಪ ಪೇಡೆ ತಂದು ಇಬ್ಬರ ಬಾಯಿಗೂ ಹಾಕಿದರು. ಮೊದಲು ಆಕೆಗೆ ಹಾಕಿದ್ದನ್ನೂ ನಾನು ಗಮನಿಸಿದೆ.

ಆಮೇಲೆ ಬಾವಿಕಟ್ಟೆಯ ಹತ್ತಿರ ಇಬ್ಬರೇ ಇದ್ದಾಗ ಆಕೆ ಹೇಳಿದಳು: "ನಿನ್ನ ಕ್ಯಾಲ್ಕುಲೇಟರ್ ನೋಡಿ ನಾ ಎಷ್ಟ್ ಉರ್ಕೊಂಡೀನಿ ಗೊತ್ತದೇನು? ದೊಡ್ಡಪ್ಪ ನಿನ್ನ ಕರ್ಕೊಂಡು ಹೋಗಿ, ಏನ್ ಬೇಕಂತ ಕೇಳಿ ಕೊಡಿಸಿದ್ರು. ನನಗ ಯಾರ್ ಕೇಳಿದ್ರು? ಕೊಡುವಾಗೂ ಕೇಳಲಿಲ್ಲ, ಒಯ್ಯುವಾಗೂ ಕೇಳಲಿಲ್ಲ."

ನಾನು ಕೊಡಕ್ಕೆ ನೀರು ತುಂಬುತ್ತಲೇ ಇದ್ದೆ. ನನ್ನನ್ನು ನೋಡಿಯೂ ಒಬ್ಬರು ಉರಿದುಕೊಂಡಿದ್ದರು ಎನ್ನುವ ಖುಷಿಯೇ ಎದೆ ತುಂಬ ಇತ್ತು.

ಆಕೆ ಮುಂದೆ ಜೇವರ್ಗಿಯಲ್ಲಿ ಸಂಖ್ಯಾಶಾಸ್ತ್ರವನ್ನೇ ಕಲಿಸುವ ಉಪನ್ಯಾಸಕಿಯಾದಳು. ನಾನು ಬ್ಯಾಂಕು ಸೇರಿದೆ. ಒಮ್ಮೆ ಯಡ್ರಾಮಿಯಿಂದ ಬಂದಿದ್ದ ಗ್ರಾಹಕರೊಬ್ಬರು ಕೌಂಟರಿನಲ್ಲಿ ಜೇವರ್ಗಿಯಲ್ಲಿ ಓದುವ ತಮ್ಮ ಮಗಳ ಮಾತು ತೆಗೆದು, "ಆ ಮೇಡಮ್ಮಾರು ಕಲಿಸಿದ್ರ ಎಂಥವರಿಗೂ ತಲಿಗಿ ಹತ್ತತದ್ರಿ" ಎಂದು ಆಕೆಯನ್ನು ಹೊಗಳಿದರು. "ಆಕಿ ನಮ್ಮ ತಂಗೀನೇ ರೀ" ಎಂದು ಹೆಮ್ಮೆಯಿಂದಲೇ ಹೇಳಿದೆ. ಹೇಳಿ, ನೋಟು ಎಣಿಸತೊಡಗಿದರೆ ಲೆಕ್ಕ ತಪ್ಪಿತು.