ಕಡಿಮಿ ಕೆಟ್ಟ ರಕ್ತ

ನಮ್ಮೂರು ಜುಗೂಳದ ಕುಸ್ತಿ ಅಖಾಡಾದಲ್ಲಿ ನನ್ನ ಬೆನ್ನಿಗೆ ಮಣ್ಣು ಹತ್ತಿಸಿದ ಗಂಡಸು ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಮಿರಜದ ದವಾಖಾನೆಯಲ್ಲಿ ಕಾಕಾನಿಗೆ ರಕ್ತ ಬೇಕೆಂದಾಗ ನಾನೇ ಮೊದಲು ತೋಳು ಚಾಚಿದೆ. "ಹಾಲು, ಬದಾಮಿ ತಿಂದ ರಕ್ತ ಐತ್ರಿ. ಒಂದ ಬಾಟ್ಲಿ ಸಾಕು!"

ತಪಾಸಣೆ ಮಾಡಿದವನು ತಲೆ ಅಲ್ಲಾಡಿಸಿದ. "ಗ್ರೂಪ್ ಒಂದ ಐತಿ, ಆದ್ರ ಜುಳತ ನಾಹೀ."

"ಯಾಕ ಹೊಂದಂಗಿಲ್ಲೋ? ನನ್ನ ರಕ್ತಕ್ಕ ಏನಾಗೇತಿ?" ಎಂದು ಜಗಳಕ್ಕೇ ನಿಂತೆ.

ಡಾಕ್ಟರರು ಬಂದರು. "ಪೈಲ್ವಾನ್ರ, ಯಾರದೂ ಹೊಂದವಲ್ದು. ನಿಮ್ಮ ಕಾಕಾನ ಮೈ ತನ್ನ ರಕ್ತಾನ ವೈರಿ ಅಂತ ತಿಳಿದು ಕೊಲ್ಲಾಕತ್ತೈತಿ. ಹೊರಗಿನ ರಕ್ತಾನೂ ಬಿಡಂಗಿಲ್ಲ."

ಅರಿಶಿನದಂತೆ ಹಳದಿಯಾಗಿ ಏದುಸಿರು ಬಿಡುತ್ತಿದ್ದ ಕಾಕಾ, "ಬದುವಿನ ಸಲುವಾಗಿ ಅಣ್ತಮ್ಮರು ಬಡದಾಡೋದು ಈಗ ಮೈಯಾಗೂ ಶುರುವಾತೇನ್ರಿ?" ಅಂದ.

ಆ ಬಡಿದಾಟ ನಿಲ್ಲಿಸುವ ಗುಳಿಗೆ ಕೆಲಸ ಮಾಡುವತನಕ ರಕ್ತ ಏರಿಸದಿದ್ದರೆ ಜೀವ ಉಳಿಯುವಂತಿರಲಿಲ್ಲ. ಡಾಕ್ಟರರು ಊರಿಂದ ಬಂದವರೆಲ್ಲರ ರಕ್ತ ಮತ್ತೆ ತಾಳೆ ನೋಡಿ, ಯಾವುದೂ ಹೊಂದದಿದ್ದರೂ ಕೊನೆಗೆ ನನ್ನದನ್ನೇ ಆರಿಸಿ ನಿಧಾನಕ್ಕೆ ಏರಿಸಿದರು. ಕಾಕಾ ಬದುಕಿದ.

ಈಗ ಊರಲ್ಲಿ ನಾನು, "ಅಷ್ಟು ಮಂದ್ಯಾಗ ನನ್ನ ರಕ್ತಾನ ಆರಿಸಿದ್ರು," ಎಂದು ಮೀಸೆ ತಿರುವಿದರೆ ಕಾಕಾ ಕಟ್ಟೆಯಿಂದಲೇ ಕೂಗುತ್ತಾನೆ: "ಚೊಲೋದಂತ ಅಲ್ಲಲೇ, ಇದ್ದದ್ರಾಗ ಕಡಿಮಿ ಕೆಟ್ಟದ್ದಂತ!"

ಅನ್ನಲಿ ಬಿಡಿ. ನಮ್ಮ ಕಡೆಯ ಪುಢಾರಿಗಳೆಲ್ಲ ಹಾಗೇ ಆರಿಸಿ ಬಂದವರು. ನಾನಾದರೂ ಒಂದು ಜೀವ ಉಳಿಸಿದೆ.