ಸೊನ್ನೆ ಮೇಸ್ತ್ರಿಯ ಹೊಸ ಆವೃತ್ತಿ

ನಮ್ಮ ಬೀದಿಯ ತಕ್ಕಡಿ ರಿಪೇರಿಯವನಿಗೆ ಸೊನ್ನೆ ಮೇಸ್ತ್ರಿ ಎಂದು ಹೆಸರಿಟ್ಟವನು ನಾನೇ. ಮೊಳೆ, ಬೋಲ್ಟು, ಚಿಲಕ ಮಾರುವ ನನ್ನ ಅಂಗಡಿಗೆ ಬಂದರೆ ಅವನು ಮೊದಲು ನೋಡುವುದು ನನ್ನ ಮುಖವನ್ನಲ್ಲ, ತಕ್ಕಡಿಯ ಮುಖವನ್ನು. ಖಾಲಿ ತಟ್ಟೆಗೆ ಸೊನ್ನೆ ತೋರಿಸದ ತಕ್ಕಡಿ ಕಂಡರೆ ಅವನಿಗೆ ಅನ್ನ ಸೇರುವುದಿಲ್ಲ. ಸ್ವಂತ ಅಕ್ಕನ ಮದುವೆಯಲ್ಲೇ ಅಡುಗೆಯವರ ತಕ್ಕಡಿ ಬಿಚ್ಚಿಕೊಂಡು ಕೂತು ಊಟ ತಪ್ಪಿಸಿಕೊಂಡ ಭೂಪ.

ಇವನಿಗೊಂದು ಗೀಳು. ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂ ಒಂದಿದೆ. ಅದರ ಹೆಸರು ಕೇಳಿದವರು ನಮ್ಮ ಬೀದಿಯಲ್ಲಿ ನಾವಿಬ್ಬರೇ. ಎಲ್ಲೆಲ್ಲೋ ಇರುವ ಕೆಲವೇ ಜನ ಬಿಡುವಿನಲ್ಲಿ ಕೂಡಿ ಅದನ್ನು ಬರೆಯುತ್ತಾರೆ. ಬರೆದದ್ದೆಲ್ಲ ತೆರೆದಿಟ್ಟದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪುಕ್ಕಟೆ ಹಾಕಿಕೊಳ್ಳಬಹುದು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ. ಅದರಲ್ಲಿ ತಕ್ಕಡಿಯ ಜೊತೆ ಮಾತಾಡುವ ಭಾಗ ಬರೆಯುವವನು ನಮ್ಮ ಮೇಸ್ತ್ರಿ.

"ಪುಕ್ಕಟೆ ಕೊಡೋ ಸಾಮಾನಿಗೆ ಇಷ್ಟು ಒದ್ದಾಡ್ತೀಯಲ್ಲೋ," ಎಂದರೆ, "ಪುಕ್ಕಟೆ ಅಂತ ತೂಕ ತಪ್ಪು ತೋರಿಸ್ಬಹುದಾ ಅಣ್ಣ?" ಎನ್ನುತ್ತಿದ್ದ.

ಅವತ್ತು ಬೆಳಿಗ್ಗೆ ಎಂಟಕ್ಕೆ ಹೊಸ ಆವೃತ್ತಿ ಬಿಡುಗಡೆಯಾಯಿತು. ಒಂಬತ್ತಕ್ಕೆ ಮೇಸ್ತ್ರಿ ನನ್ನ ಕಂಪ್ಯೂಟರಿಗೆ ಅದನ್ನು ಹಾಕುತ್ತ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ಚಡಪಡಿಸುತ್ತಿದ್ದ. ಗಿರಾಕಿ ಕಾಯುತ್ತಿದ್ದ. ನಾನು ಕಂಪ್ಯೂಟರಿಗೆ ಜೋಡಿಸಿದ್ದ ತಕ್ಕಡಿಯ ತಟ್ಟೆಗೆ ಎರಡು ಕೆಜಿ ಮೊಳೆ ಸುರಿದೆ. ಅಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಮತ್ತೆ ಶುರುವಾಯಿತು. ಪರದೆಯ ಮೇಲೆ ಸೊನ್ನೆ.

"ಏನಯ್ಯಾ, ನನ್ನ ಮೊಳೆಗೆ ತೂಕಾನೇ ಇಲ್ವಂತೆ! ಗಾಳಿ ಮಾರ್ತಾ ಇದೀನಾ ನಾನು?"

ಮೇಸ್ತ್ರಿ ನಗಲಿಲ್ಲ. ತುಂಬಿದ ತಟ್ಟೆಯನ್ನೇ ನೋಡಿದ.

"ಸಾಮಾನು ಮೇಲಿಟ್ಕೊಂಡು ಯಾರಣ್ಣ ಶುರು ಮಾಡ್ತಾರೆ?"

"ಕೆಲಸ ಇರೋರೆಲ್ಲ ಮಾಡ್ತಾರೆ."

ತಟ್ಟೆ ಖಾಲಿ ಮಾಡದೆ ಅವನು ಜನ್ಮದಲ್ಲಿ ಒಂದು ತಕ್ಕಡಿಯನ್ನೂ ಆನ್ ಮಾಡಿದವನಲ್ಲ. ಹಾಗಾಗಿ ಈ ಸಲ, ಕಂಪ್ಯೂಟರ್ ಶುರುವಾದಾಗ ತಟ್ಟೆಯ ಮೇಲೆ ಏನಿದ್ದರೂ ಅದನ್ನೇ ಸೊನ್ನೆ ಎಂದು ಹಿಡಿ ಎಂದು ಬರೆದುಬಿಟ್ಟಿದ್ದ. ಇನ್ನೂರು ಸಲ ಪರೀಕ್ಷೆ ಮಾಡಿದ್ದ. ಇನ್ನೂರು ಸಲವೂ ತಟ್ಟೆ ಖಾಲಿ.

"ಅಕ್ಕ..." ಎಂದ.

ಅವನ ಅಕ್ಕನಿಗೆ ಮಕ್ಕಳ ಆಸ್ಪತ್ರೆಯಲ್ಲಿ ಔಷಧಿಯ ಪುಡಿ ತೂಗಿ ಪೊಟ್ಟಣ ಕಟ್ಟುವ ಕೆಲಸ. ಅಲ್ಲಿನ ಕಂಪ್ಯೂಟರಿಗೂ ಇದನ್ನೇ ಹಾಕಿಕೊಟ್ಟವನು ಇವನು. "ಬಂದ ತಕ್ಷಣ ಹೊಸದು ಹಾಕ್ಕೋ" ಎಂದು ಹಿಂದಿನ ದಿನ ಹೇಳಿದವನೂ ಇವನೇ. ಫೋನು ಮಾಡಿದ, ಆ ಕೋಣೆಯೊಳಗೆ ಫೋನು ಒಯ್ಯುವಂತಿಲ್ಲ, ಅದು ಹೊರಗಿನ ಪೆಟ್ಟಿಗೆಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ಆಸ್ಪತ್ರೆಯ ನಂಬರು ಬಿಡುವಾಗಲೇ ಇಲ್ಲ.

ಗಿರಾಕಿಯನ್ನು ಅಲ್ಲೇ ಬಿಟ್ಟು ಸ್ಕೂಟರ್ ತೆಗೆದೆ. ಮೇಸ್ತ್ರಿ ಹಿಂದೆ ಹತ್ತಿದ. ಕೆಂಪು ದೀಪದಲ್ಲಿ ನಿಂತಾಗ "ಹೋಗಿಬಿಡಿ ಅಣ್ಣ, ಹೋಗಿಬಿಡಿ" ಎಂದ. ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುವ ನಾನು, ದೀಪ ಹಸಿರಾದದ್ದೇ ಸ್ಕೂಟರ್ ನುಗ್ಗಿಸಿದೆ.

ಔಷಧಿ ಕೋಣೆಯ ಕಿಟಕಿ ಬಡಿದಾಗ ಅಕ್ಕ ಮುಖಗವಸು ಇಳಿಸಿ ಕೇಳಿದಳು: "ಏನೋ? ಮನೇಲಿ ಏನಾದ್ರೂ ಆಯ್ತೇನೋ?"

"ತೂಗ್ತಿರೋವಾಗ ಕಂಪ್ಯೂಟರ್ ಆಫ್ ಆಗಿ ಆನ್ ಆಯ್ತಾ ಅಕ್ಕ?"

"ಆಯ್ತು. ಪುಡಿ ಅರ್ಧ ಹಾಕಿದ್ದೆ. ನೋಡಿದ್ರೆ ಸೊನ್ನೆ ತೋರಿಸ್ತು. ತಟ್ಟೆಗಿಂತ ಸೊನ್ನೆ ನಂಬು ಅಂತ ನೀನೇ ಬಡ್ಕೋತೀಯಲ್ಲ. ಮತ್ತೆ ಪೂರ್ತಿ ಹಾಕ್ದೆ."

"ಆ ಪೊಟ್ಟಣ ಎಲ್ಲಿ?"

ಅಕ್ಕ ಬಾಗಿಲು ತಳ್ಳಿಕೊಂಡು ಮೆಟ್ಟಿಲತ್ತ ಓಡಿದಳು. ಮೇಸ್ತ್ರಿ ಹಿಂದೆ ಹೋಗಲು ಕಾಲೆತ್ತಿದವನು ಮೆಟ್ಟಿಲ ಬುಡದಲ್ಲೇ ನಿಂತ. ಮಕ್ಕಳ ವಾರ್ಡು ಎರಡು ಮಹಡಿ ಮೇಲೆ. ಮೇಲೆ ಎಲ್ಲೋ ಒಂದು ಮಗು ಅಳುತ್ತಿತ್ತು. ಅಳು ನಿಂತಿತು. ನಿಂತದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಅಕ್ಕ ಇಳಿದು ಬಂದಾಗ ಮುಷ್ಟಿಯಲ್ಲಿ ಪೊಟ್ಟಣವಿತ್ತು. ಮಗು ಏಳಲಿ ಎಂದು ನರ್ಸ್ ಕಾದಿದ್ದಳಂತೆ. ಎದ್ದಿತ್ತು, ನೀರಿನಲ್ಲಿ ಕಲಸಲು ಲೋಟ ಹಿಡಿದಿದ್ದಳಂತೆ. ಹಳೆಯ ಕೈತಕ್ಕಡಿಯಲ್ಲಿ ತೂಗಿದೆವು. ಎರಡು ಗ್ರಾಂ ಇರಬೇಕಾದಲ್ಲಿ ಮೂರು.

"ಉಳಿದದ್ದನ್ನೆಲ್ಲ ನಾನು ಮತ್ತೆ ತೂಗ್ತೀನಿ, ದೊಡ್ಡ ಡಾಕ್ಟ್ರಿಗೂ ಹೇಳ್ತೀನಿ," ಎಂದಳು ಅಕ್ಕ. "ನೀನು ಹೋಗಿ ಅದನ್ನ ಮೊದಲು ನಿಲ್ಸು."

ಅಂಗಡಿಗೆ ಬಂದು ಮೇಸ್ತ್ರಿ, ತಪ್ಪು ನನ್ನದು, ಹೊಸ ಆವೃತ್ತಿ ಹಾಕಬೇಡಿ ಎಂದು ಅದು ಸಿಗುವ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆದ. ಅರ್ಧ ಗಂಟೆಯಲ್ಲಿ ಅವನ ಜೊತೆ ಬರೆಯುವವರು ಆ ಆವೃತ್ತಿಯನ್ನು ಹಿಂದಕ್ಕೆ ತೆಗೆದರು. ಆದರೆ ಎಂಟರಿಂದ ಅಲ್ಲಿಯವರೆಗೆ ಹಾಕಿಕೊಂಡವರು?

"ಎಷ್ಟು ಜನ ಹಾಕ್ಕೊಂಡಿದಾರೆ ಮೇಸ್ತ್ರಿ?"

"ಗೊತ್ತಿಲ್ಲ ಅಣ್ಣ."

"ಪಟ್ಟಿ ಗಿಟ್ಟಿ?"

"ಯಾರ ಹತ್ರಾನೂ ಇಲ್ಲ. ಯಾರನ್ನೂ ಕೇಳದೆ ಯಾರು ಬೇಕಾದ್ರೂ ಹಾಕ್ಕೋಬಹುದು. ಅದೇ ಅಲ್ವಾ ಅದರ ಚಂದ?"

ಕೆಟ್ಟ ಬೋಲ್ಟು ಮಾರಿದರೆ ಯಾರ ಬಾಗಿಲು ತಟ್ಟಬೇಕೆಂದು ನನಗೆ ಗೊತ್ತಿರುತ್ತದೆ. ಇವನು ತಟ್ಟಲು ಬಾಗಿಲೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ನಿಮ್ಮ ಸೂಚನೆ ನೋಡಿದೆವು, ಹಳೆಯ ಆವೃತ್ತಿಗೆ ಮರಳಿದೆವು ಎಂದು ಮೂರು ಕಡೆಯಿಂದ ಉತ್ತರ ಬಂತು. ನಾಲ್ಕನೆಯದಕ್ಕೆ ಅವನು ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದ.

ಫೋನು ಬಡಿದುಕೊಂಡಾಗ ಇಬ್ಬರೂ ಬೆಚ್ಚಿದೆವು. ಅಕ್ಕ. ಬೇರೆ ಪೊಟ್ಟಣ ಕೊಟ್ಟಾಯ್ತು, ಮಗು ಆಡ್ತಾ ಇದೆ ಎಂದಳು. "ಊಟ ಮಾಡಿದ್ಯೇನೋ?"

"ಮಾಡ್ದೆ ಅಕ್ಕ," ಎಂದ, ಪರದೆಯಿಂದ ಕಣ್ಣು ಕೀಳದೆ. ಅವನ ಬಾಯಲ್ಲಿ ನಾನು ಸುಳ್ಳು ಕೇಳಿದ್ದು ಅದೇ ಮೊದಲು.